ಚಿತ್ರದ ಕೆಳಗಿನ ಸಾಲು

ಕೊರೊನಾದ ಮೊದಲ ವರ್ಷ ನಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಚ್ಚಾದ ಒಂದು ಚಿತ್ರದ ಕೆಳಗಿನ ಸಾಲು ತಪ್ಪಾಗಿತ್ತು. ಚಿತ್ರ ತೆಗೆದವನು ನಾನು, ಸಾಲು ಬರೆದವನೂ ನಾನು. ಅದು ತಪ್ಪೆಂದು ಮರುದಿನವೇ ನನಗೆ ಗೊತ್ತಾಯಿತು. ತಪ್ಪು ಗೊತ್ತಾದ ಕೂಡಲೇ ತಿದ್ದುಪಡಿ ಹಾಕುವುದು ನಮ್ಮ ಡೆಸ್ಕಿನ ಕ್ರಮ. ಹೆಸರಿನ ಇನಿಶಿಯಲ್ ತಪ್ಪಿದರೂ ಹಾಕಿದ್ದೇವೆ, ಕೋಳಿ ಅಂಕದ ಸುದ್ದಿಯಲ್ಲಿ ಊರಿನ ಹೆಸರು ಅದಲು ಬದಲಾದಾಗಲೂ ಹಾಕಿದ್ದೇವೆ. ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಗೊತ್ತಿದ್ದೂ ಹಾಕದೆ ಉಳಿದ ತಿದ್ದುಪಡಿ ಅದೊಂದೇ. ಹಾಕಬೇಡಿ ಎಂದವರು ಕಳೆದ ತಿಂಗಳು ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಕೇಳಿದ್ದೆ. "ಹೆಸರು ಹಾಕಿದ್ರೆ ಜನ ನನ್ನನ್ನು ನೋಡ್ಲಿಕ್ಕೆ ಬರ್ತಾರೆ. ನನ್ನಲ್ಲಿ ನೋಡ್ಲಿಕ್ಕೆ ಎಂತ ಉಂಟು? ಮರ ನೋಡ್ಲಿ" ಎಂದಿದ್ದರು. ಐವರ್ನಾಡಿನ ಹೆಂಗಸರು ಅವರನ್ನು ಟೀಚರಕ್ಕ ಎಂದು ಕರೆಯುತ್ತಿದ್ದರು. ಇಲ್ಲೂ ಹಾಗೆಯೇ ಇರಲಿ.

ಟೀಚರಕ್ಕ ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಹುಟ್ಟಿದ್ದು ಸಿಲೋನಿನ ಚಹಾ ತೋಟದಲ್ಲಿ. ಹತ್ತನೆಯ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ, ರೈಲು ಹತ್ತಿ, ಕೊನೆಗೆ ಲಾರಿ ಹತ್ತಿ ಸುಳ್ಯದ ಕಡೆಯ ರಬ್ಬರ್ ತೋಟಕ್ಕೆ ಬಂದವರು. ಮೂರನೇ ಕ್ಲಾಸಿನ ತಮಿಳು ಪುಸ್ತಕ ಅಲ್ಲೇ ಉಳಿಯಿತು. ಇಲ್ಲಿ ಹನ್ನೆರಡಕ್ಕೆ ರಬ್ಬರ್ ಮರದ ತೊಗಟೆ ಗೀರಿ ಹಾಲಿಳಿಸುವ ಟ್ಯಾಪಿಂಗ್ ಕತ್ತಿ ಕೈಗೆ ಬಂತು. ಮತ್ತೆ ಅದನ್ನು ಕೆಳಗಿಟ್ಟದ್ದು ನಿವೃತ್ತಿಯ ದಿನ. ಮಾತಾಡಲು ತಮಿಳು, ತುಳು, ಮಲಯಾಳ, ಕನ್ನಡ ನಾಲ್ಕೂ ಬರುತ್ತಿತ್ತು. ಕನ್ನಡ ಓದಲು ಬರುತ್ತಿರಲಿಲ್ಲ. ಮದುವೆಯಾಗಿರಲಿಲ್ಲ. ನಿವೃತ್ತರಾದ ಮೇಲೆ ಐವರ್ನಾಡಿನಲ್ಲಿ ಎರಡು ಕೋಣೆಯ ಒಂದು ಮನೆ ಹಿಡಿದು ತಂಗಿಯ ಮಗಳ ಜೊತೆ ಇದ್ದರು. ಕುಳ್ಳಗೆ, ಸಪೂರ. ನೈಟಿಯ ಮೇಲೆ ಗಂಡಸರ ಪೂರ್ತಿ ತೋಳಿನ ಅಂಗಿ. ಬಲಗೈಯ ಹೆಬ್ಬೆರಳು ಒಳಕ್ಕೆ ಬಾಗಿ ನಿಂತಿತ್ತು, ಕಾಣದ ಒಂದು ಕತ್ತಿಯನ್ನು ಯಾವಾಗಲೂ ಹಿಡಿದುಕೊಂಡಂತೆ. ಚಹಾಕ್ಕೆ ಹಾಲು ಹಾಕಿಸಿಕೊಳ್ಳುತ್ತಿರಲಿಲ್ಲ. "ಬೆಳಗ್ಗಿನಿಂದ ಹಾಲಿನಲ್ಲೇ ಇದ್ದೇವಲ್ಲ ಮಾರಾಯ್ರೆ" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಒಂದು ದೂರಿನಿಂದಾಗಿ. ಮೊದಲ ಲಾಕ್‌ಡೌನ್‌ನ ಸಮಯ. ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿಗೂ ನಾನೊಬ್ಬನೇ ಓಡಾಡುತ್ತಿದ್ದೆ. ನರಿಮೊಗರಿನ ಮನೆಯಿಂದ ಹೊರಟರೆ ಬೈಕಿನ ಮುಂದೆ ಅಂಟಿಸಿದ ಪಾಸನ್ನು ಸಂಪಾಜೆ ಗೇಟಿನವರೆಗೆ ಹತ್ತು ಕಡೆ ತೋರಿಸಬೇಕು. ಐವರ್ನಾಡಿನ ರಬ್ಬರ್ ತೋಟವೊಂದರಲ್ಲಿ ಹೆಂಗಸರು ಗುಂಪು ಸೇರುತ್ತಿದ್ದಾರೆ, ಪೇಪರಿನವರು ಯಾಕೆ ಬರೆಯುವುದಿಲ್ಲ ಎಂದು ಯಾರೋ ಫೋನ್ ಮಾಡಿದರು. ಹೋದೆ. ನನಗಿಂತ ಮೊದಲೇ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಬಂದು ನಿಂತಿದ್ದರು.

"ಎಂತ ಇದು? ಗುಂಪು ಸೇರ್ಲಿಕ್ಕೆ ಇಲ್ಲ ಅಂತ ಮೈಕಿನಲ್ಲಿ ಹೇಳಿಕೊಂಡು ಹೋದದ್ದು ಕೇಳ್ಲಿಲ್ವಾ?"

"ಗುಂಪು ಎಲ್ಲುಂಟು ಸಾರ್?" ಎಂದರು ಟೀಚರಕ್ಕ. "ಒಂದು ಮರಕ್ಕೆ ಒಬ್ಬಳು. ಮರದಿಂದ ಮರಕ್ಕೆ ಎಷ್ಟು ದೂರ ಉಂಟು ಅಂತ ನೀವೇ ಅಳತೆ ಮಾಡಿ. ನಿಮ್ಮ ಠಾಣೆಯಲ್ಲಿ ಇಷ್ಟು ದೂರ ದೂರ ಕೂತ್ಕೊಳ್ತೀರಾ?"

ಕಾನ್‌ಸ್ಟೇಬಲ್ ಸುತ್ತ ನೋಡಿದರು. ಏಳು ಹೆಂಗಸರು ಏಳು ಮರಗಳ ಬುಡದಲ್ಲಿ ನಿಂತಿದ್ದರು. ಸರಕಾರ ಹೇಳಿದ ಅಂತರಕ್ಕಿಂತ ರಬ್ಬರಿನ ಅಂತರ ಹೆಚ್ಚಿತ್ತು. "ಮಾಸ್ಕ್ ಮೂಗಿನ ಮೇಲೆ ಹಾಕಿ" ಎಂದಷ್ಟೇ ಹೇಳಿ ಅವರು ಹೋದರು. ನಾನು ಉಳಿದೆ.

ನಡೆದದ್ದು ಇಷ್ಟು. ನಮ್ಮ ಕಡೆಯ ರಬ್ಬರ್ ತೋಟಗಳಿಗೆ ಟ್ಯಾಪಿಂಗಿಗೆ ಬರುವವರಲ್ಲಿ ಹೆಚ್ಚಿನವರು ಕೇರಳದ ಗಂಡಸರು. ಗಡಿ ಮುಚ್ಚುವ ಮೊದಲು ಅವರು ಊರು ಸೇರಿಕೊಂಡರು. ಮರದಲ್ಲಿ ಹಾಲಿತ್ತು, ಗೆರೆ ಎಳೆಯುವ ಕೈ ಇರಲಿಲ್ಲ. ಅದೇ ಊರಿನಲ್ಲಿ ಕೈ ಇದ್ದೂ ಕೆಲಸವಿಲ್ಲದ ಹೆಂಗಸರಿದ್ದರು. ಒಬ್ಬಳು ಬೀಡಿ ಕಟ್ಟುವವಳು, ಎಲೆ ಬರುವುದು ನಿಂತಿತ್ತು. ಐವರು ಮದುವೆ ಅಡುಗೆಯವರ ಜೊತೆ ಹೋಗುತ್ತಿದ್ದವರು, ಮದುವೆಗಳೇ ಇರಲಿಲ್ಲ. ಒಬ್ಬಳು ಸುಳ್ಯದ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದವಳು. ಈ ಕೊನೆಯವಳನ್ನು ನೆನಪಿಟ್ಟುಕೊಳ್ಳಬೇಕು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು, ಆ ಜೂನಿನಲ್ಲಿ ಹತ್ತನೆಯ ತರಗತಿಗೆ ಹೋಗಬೇಕಾದವಳು.

ಟೀಚರಕ್ಕ ತೋಟದ ಯಜಮಾನರ ಬಳಿ ಹೋಗಿ, ಇವರಿಗೆ ಟ್ಯಾಪಿಂಗ್ ಕಲಿಸುತ್ತೇನೆ ಎಂದರು. ಯಜಮಾನರು ಒಳ್ಳೆಯವರು, ಆದರೆ ಮರದ ವಿಷಯದಲ್ಲಿ ಹೆದರುವವರು. "ಏಳು ವರ್ಷ ಮಗುವಿನ ಹಾಗೆ ಸಾಕಿದ ಮರ ಮಾರಾಯ್ತಿ. ಕತ್ತಿ ಒಳಗೆ ಹೋಗಿ ಗಾಯ ಆದ್ರೆ ಗಂಟು ಕಟ್ತದೆ. ಮತ್ತೆ ಆ ಜಾಗದಲ್ಲಿ ಹಾಲು ಉಂಟಾ? ಸೀರೆ ಮಾರುವವರ ಕೈಯಲ್ಲಿ ಮರ ಕೊಡ್ಲಿಕ್ಕೆ ಆಗ್ತದಾ?"

"ನಿಮ್ಮ ಒಳ್ಳೆ ಮರ ನನಗೆ ಬೇಡ. ಕಡೀಲಿಕ್ಕೆ ಇಟ್ಟದ್ದು ಕೊಡಿ" ಎಂದರಂತೆ ಟೀಚರಕ್ಕ.

ತೋಟದ ಕೆಳ ಭಾಗದಲ್ಲಿ ಹಾಲು ಮುಗಿದ ಹಳೆಯ ಮರಗಳ ಒಂದು ಬ್ಲಾಕ್ ಇತ್ತು. ಮರದ ವ್ಯಾಪಾರಿ ಮೊದಲೇ ಮಾತಾಡಿದ್ದ, ಲಾರಿ ಬರಲು ಸಾಧ್ಯವಿರಲಿಲ್ಲ. ಹೇಗೂ ಕಡಿಯುವ ಮರಗಳು, ಗಾಯವಾದರೆ ಯಾರಿಗೂ ನಷ್ಟವಿಲ್ಲ. ಆ ಬ್ಲಾಕು ಶಾಲೆಯಾಯಿತು.

ಪಾಠದ ಕ್ರಮ ಹೀಗಿತ್ತು. ಮೊದಲ ಎರಡು ದಿನ ಕತ್ತಿ ಇಲ್ಲ, ಇದ್ದಿಲ ತುಂಡು ಮಾತ್ರ. ತೊಗಟೆಯ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಓರೆ ಗೆರೆಯನ್ನು ಬರೆದು ಬರೆದು ಅಳಿಸಬೇಕು. ಮೂರನೆಯ ದಿನ ಕತ್ತಿ. ತೊಗಟೆಯ ಅಡಿಯಲ್ಲಿ ಒಂದು ತೆಳುವಾದ ಪೊರೆ ಇದೆ, ಅದನ್ನು ಮುಟ್ಟಿದರೆ ಮರಕ್ಕೆ ಗಾಯ. ಮುಟ್ಟದೆ, ಆದರೆ ಅದರ ಹತ್ತಿರದವರೆಗೆ ಹೋದರೆ ಮಾತ್ರ ಹಾಲು. ಪಾಠ ಮುಗಿದ ಮೇಲೆ ಪ್ರತಿಯೊಬ್ಬಳೂ ತಾನು ಮಾಡಿದ ಗಾಯಗಳನ್ನು ಬೆರಳಿನಲ್ಲಿ ಮುಟ್ಟಿ ನೋಡಬೇಕು. ಬೈಗುಳ ಇರಲಿಲ್ಲ. "ಮುಟ್ಟು. ಇದು ನೀನು ಮಾಡಿದ್ದು. ಇದಕ್ಕೆ ಮುಲಾಮು ಇಲ್ಲ" ಅಷ್ಟೇ.

ಆತುರಪಡುವವರಿಗೆ ಅವರದ್ದೊಂದು ಮಾತಿತ್ತು. "ಮರಕ್ಕೆ ನಾಡಿದ್ದು ಅಂತ ಒಂದು ದಿನ ಉಂಟು." ರಬ್ಬರನ್ನು ದಿನ ಬಿಟ್ಟು ದಿನ ಟ್ಯಾಪ್ ಮಾಡುತ್ತಾರೆ. ಇವತ್ತು ಎಲ್ಲ ಹಾಲೂ ಬೇಕೆಂದು ಆಳಕ್ಕೆ ಹೋದವನಿಗೆ ನಾಡಿದ್ದು ಏನೂ ಸಿಗುವುದಿಲ್ಲ. ಆ ದಿನಗಳಲ್ಲಿ ನಾನು ಬರೆಯುತ್ತಿದ್ದ ಸುದ್ದಿಗಳಲ್ಲಿ ನಾಡಿದ್ದು ಎಂಬ ಪದವೇ ಇರಲಿಲ್ಲ. ಅದಕ್ಕೇ ಇರಬೇಕು, ಈ ಮಾತನ್ನು ಅಂದೇ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮಳೆ ಹಿಡಿಯುವ ಮೊದಲು ಲಾರಿ ಬಂತು. ಏಳು ಮಂದಿಯೂ ನಿಂತು ನೋಡಿದರು. ತಾವು ಗೀರಿದ, ಗಾಯ ಮಾಡಿದ ಮರಗಳು ಒಂದೊಂದಾಗಿ ಮೇಲೇರಿದವು. ಜವಳಿ ಅಂಗಡಿಯ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ನೋಡಿ ಟೀಚರಕ್ಕ ನಕ್ಕರು.

"ಎಂತ ಅಳುದು? ಸ್ಲೇಟು ಹೋಯ್ತು. ನಾಳೆಯಿಂದ ನೋಟ್ ಪುಸ್ತಕ. ಅದರಲ್ಲಿ ಅಳಿಸ್ಲಿಕ್ಕೆ ಆಗುದಿಲ್ಲ, ಗೊತ್ತಾಯ್ತಲ್ಲ?"

ಯಜಮಾನರು ಒಳ್ಳೆಯ ಮರಗಳನ್ನು ಅವರಿಗೆ ಹಂಚಿ ಕೊಟ್ಟರು. ಟೀಚರಕ್ಕ ವಾರಕ್ಕೆ ಎರಡು ಸಲ ಎಲ್ಲರ ಮರಗಳ ನಡುವೆ ನಡೆದು ಬರುತ್ತಿದ್ದರು. ಗೆರೆ ನೋಡಿ ಯಾರ ಕೈ ಎಂದು ಹೇಳುತ್ತಿದ್ದರು, ನಾವು ಅಕ್ಷರ ನೋಡಿ ಹೇಳುವ ಹಾಗೆ. ಒಮ್ಮೆ ನನ್ನೆದುರಿಗೇ ಬೀಡಿಯ ಹೆಂಗಸಿನ ಮರದ ಮುಂದೆ ನಿಂತು, "ನಿನ್ನೆ ಮನೆಯಲ್ಲಿ ಜಗಳ ಉಂಟಲ್ಲ?" ಎಂದರು.

"ಟೀಚರಕ್ಕ, ನಿಮಗೆ ಯಾರು ಹೇಳಿದ್ದು?"

"ಮರ ಹೇಳ್ತು. ಗಂಡನಿಗೆ ಹಾಕಬೇಕಾದ್ದನ್ನು ಮರಕ್ಕೆ ಹಾಕಿದ್ದಿ."

ಅಕ್ಕಪಕ್ಕದ ಸಾಲುಗಳಿಂದ ನಗು ಕೇಳಿಸಿತು. ಮಾಸ್ಕಿನೊಳಗಿನ ನಗು ಹೇಗಿರುತ್ತದೆಂದು ಆ ವರ್ಷ ನೋಡಿದವರಿಗೆ ಗೊತ್ತು, ಕಣ್ಣು ಮತ್ತು ಭುಜ ಮಾತ್ರ ಅಲುಗುತ್ತವೆ.

ಅವರ ಕಟ್ಟುನಿಟ್ಟಿನ ನಿಯಮ ಒಂದೇ. ಶಾಲೆಗೆ ಹೋಗುವ ಮಕ್ಕಳು ಕತ್ತಿ ಮುಟ್ಟುವ ಹಾಗಿಲ್ಲ. ಹಾಲು ಹೊರಲೂ ಇಲ್ಲ. ಆದರೆ ತೋಟಕ್ಕೆ ಬರಬಹುದು, ಬರಲೇಬೇಕು. ಯಾಕೆಂದರೆ ಊರಿಗೆಲ್ಲ ಫೋನಿನ ರೇಂಜ್ ಸಿಗುತ್ತಿದ್ದದ್ದು ತೋಟದ ತುದಿಯಲ್ಲಿ, ರಬ್ಬರ್ ಶೀಟ್ ಒತ್ತುವ ರೋಲರ್ ಶೆಡ್ಡಿನ ಬಳಿ. ಫೋನಿನಲ್ಲಿ ಕ್ಲಾಸು ಸುರುವಾದ ಮೇಲೆ ಐದಾರು ಹುಡುಗಿಯರು ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂರುತ್ತಿದ್ದರು. ಹಾಲು ಹೆಪ್ಪುಗಟ್ಟಿಸುವ ಆ್ಯಸಿಡ್ಡಿನ ಹುಳಿ ವಾಸನೆ, ಹಗ್ಗದ ಮೇಲೆ ಒಣಗುವ ಬಿಳಿ ಶೀಟುಗಳು, ಅದರ ನಡುವೆ ಫೋನಿನಿಂದ ಸಮಾಜ, ವಿಜ್ಞಾನ, ಗಣಿತ. ಟೀಚರಕ್ಕ ಬಕೆಟ್ ಮಗುಚಿ ಹಾಕಿ ಬಾಗಿಲಲ್ಲಿ ಕೂರುತ್ತಿದ್ದರು, ಕಾವಲಿಗೆ ಎಂದು ಹೇಳಿ. ನಿಜವಾಗಿ ಅವರೂ ಪಾಠ ಕೇಳುತ್ತಿದ್ದರು.

ಒಂದು ದಿನ ನನ್ನನ್ನು ನಿಲ್ಲಿಸಿ ಹೇಳಿದರು. "ಎಲೆಯಲ್ಲಿ ಅಡುಗೆ ಆಗುದಂತೆ ಮಾರಾಯ್ರೆ, ಬಿಸಿಲಿನಲ್ಲಿ. ನಿಮಗೆ ಗೊತ್ತಿತ್ತಾ? ನಲ್ವತ್ತು ಚಿಲ್ಲರೆ ವರ್ಷ ಹಾಲು ತೆಗೆದೆ. ಅಡುಗೆಮನೆ ಎಲ್ಲಿ ಅಂತ ಒಬ್ಬರೂ ಹೇಳಿರ್ಲಿಲ್ಲ."

ಇನ್ನು ಆ ಚಿತ್ರದ ವಿಷಯ.

ಮಳೆಗಾಲ ಕಳೆದ ಮೇಲೆ ಗಡಿ ತೆರೆಯಿತು. ಹಳೆಯ ಟ್ಯಾಪರುಗಳು ಯಜಮಾನರಿಗೆ ಫೋನ್ ಮಾಡತೊಡಗಿದರು. ಯಜಮಾನರು ಹೆಂಗಸರನ್ನು ಬಿಡಿಸಲಿಲ್ಲ. ಆದರೆ ಹಾಲು ಕಡಿಮೆಯಾದರೆ ತಾನೇನೂ ಮಾಡುವ ಹಾಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅದೇ ಹೊತ್ತಿಗೆ ಕಡಬದ ಕಡೆಯ ಹೆಂಗಸರು ತಮಗೂ ಕಲಿಸಬೇಕೆಂದು ಕರೆದು, ಟೀಚರಕ್ಕ ಕೆಲವು ವಾರ ಅಲ್ಲಿದ್ದರು. ಅವರಿಲ್ಲದಾಗ ನಾನು ಐವರ್ನಾಡಿಗೆ ಹೋಗಿ, ಟ್ಯಾಪಿಂಗ್ ಕಲಿತ ಹೆಂಗಸರ ಬಗ್ಗೆ ವರದಿ ಮಾಡಿದೆ. ಚಿತ್ರ ಬೇಕಿತ್ತು. ಜವಳಿ ಅಂಗಡಿಯ ಹೆಂಗಸು ಸಿಕ್ಕಿದಳು. ಅವಳು ನಿಂತ ಕಡೆ ಬೆಳಕು ಸಾಲದು, ಗೆರೆಗಳೂ ಒರಟಾಗಿದ್ದವು. ಮೇಲೆ, ಶೆಡ್ಡಿನ ಹತ್ತಿರದ ಸಾಲುಗಳಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು, ಗೆರೆಗಳು ಸ್ಕೇಲು ಹಿಡಿದು ಎಳೆದಂತಿದ್ದವು.

"ಅದೂ ನಿಮ್ಮದೇ ಮರ ಅಲ್ಲವಾ? ಅಲ್ಲಿ ನಿಲ್ಲಿ" ಎಂದೆ.

"ನನ್ನದೇ ಸಾರ್. ಆದ್ರೆ ಬೇಡ ಸಾರ್, ಇಲ್ಲೇ ನಿಲ್ತೇನೆ. ಇಲ್ಲೇ ಆಗ್ಲಿ."

ನಾಚಿಕೆ ಎಂದುಕೊಂಡೆ. ಒತ್ತಾಯ ಮಾಡಿ ನಿಲ್ಲಿಸಿದೆ. ಚಿತ್ರ ನಾಲ್ಕು ಕಾಲಮಿನಲ್ಲಿ, ಬಣ್ಣದಲ್ಲಿ ಬಂತು. ಕೆಳಗೆ ಅವಳ ಹೆಸರು, ಊರು, ಮತ್ತು ಅವಳ ಕೈ ಎಷ್ಟು ನಾಜೂಕು ಎಂಬುದಕ್ಕೆ ಈ ಗೆರೆಯೇ ಸಾಕ್ಷಿ ಎಂಬ ಅರ್ಥದ ಒಂದು ಸಾಲು.

ಆ ಮಧ್ಯಾಹ್ನ ಫೋನ್ ಬಂತು. "ಪೇಪರ್‌ನವರೇ, ನಾನು ಬಂದಾಯ್ತು. ನಾಳೆ ಎಂಟು ಗಂಟೆಗೆ ಮೇಲೆ ಶೆಡ್ಡಿಗೆ ಬನ್ನಿ."

ಹೋದಾಗ ಟೀಚರಕ್ಕ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಹಿಂದಿನ ದಿನದ ಪತ್ರಿಕೆ. ಚಿತ್ರವನ್ನು ಬೆಳಕಿಗೆ ಹಿಡಿದು, ಬಾಗಿದ ಹೆಬ್ಬೆರಳನ್ನು ಮರದ ಗೆರೆಯ ಮೇಲಿಟ್ಟರು.

"ಇದು ಯಾರ ಕೈ?"

ನಾನು ಜವಳಿ ಅಂಗಡಿಯ ಹೆಂಗಸಿನ ಹೆಸರು ಹೇಳಿದೆ.

"ಅಲ್ಲ. ಅವಳು ಒಂದು ಗೆರೆಗೆ ಎರಡು ಸಲ ನಿಲ್ತಾಳೆ. ಹೆದರಿಕೆ. ನಿಂತಲ್ಲಿ ಮೆಟ್ಟಿಲು ಬೀಳ್ತದೆ. ಇದರಲ್ಲಿ ಮೆಟ್ಟಿಲು ಎಲ್ಲುಂಟು ನೋಡಿ."

ನೋಡಿದೆ. ಇರಲಿಲ್ಲ. ಆಮೇಲೆ ಅವರು ಶೆಡ್ಡಿನ ಒಳಗೆ ತೋರಿಸಿದರು. ನಾಲ್ಕು ಹುಡುಗಿಯರು ಅಲ್ಲಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಐದನೆಯ ಜಾಗದಲ್ಲಿ, ಆ್ಯಸಿಡ್ ಕ್ಯಾನಿಗೆ ಒರಗಿಸಿಟ್ಟ ಒಂದು ಫೋನ್ ಮಾತ್ರ ಇತ್ತು. ಅದರಿಂದ ವಿಜ್ಞಾನದ ಮೇಡಂ ಸ್ವರ ಬರುತ್ತಿತ್ತು. ಫೋನು ಕ್ಲಾಸಿಗೆ ಕೂತಿತ್ತು, ಹುಡುಗಿ ಇರಲಿಲ್ಲ. ಉಳಿದ ನಾಲ್ವರು ತಲೆ ಎತ್ತಲಿಲ್ಲ.

ಹುಡುಗಿ, ಜವಳಿ ಅಂಗಡಿಯ ಹೆಂಗಸಿನ ಮಗಳು, ಮೂರನೆಯ ಸಾಲಿನಲ್ಲಿ ಸಿಕ್ಕಿದಳು. ಸ್ಕೂಲಿನ ಹಳೆಯ ಯೂನಿಫಾರ್ಮಿನ ಚೂಡಿದಾರ, ಕೈಯಲ್ಲಿ ಕತ್ತಿ. ನಮ್ಮನ್ನು ನೋಡಿಯೂ ಅವಳು ಗೆರೆಯನ್ನು ಅರ್ಧಕ್ಕೆ ಬಿಡಲಿಲ್ಲ. ತುದಿಯವರೆಗೆ ಎಳೆದು, ಹಾಲು ಮರಕ್ಕೆ ಕಟ್ಟಿದ ಗೆರಟೆಗೆ ಬೀಳುವುದನ್ನು ನೋಡಿ, ಆಮೇಲೆ ತಿರುಗಿದಳು.

"ನೀವು ಅಮ್ಮನಿಗೆ ಹೇಳಿಕೊಡುವಾಗ ನೋಡಿ ಕಲಿತೆ ಟೀಚರಕ್ಕ. ಅಮ್ಮನಿಗೆ ಹೊತ್ತಾಗ್ತದೆ. ಮೇಲಿನ ಈ ನೂರು ಮರಕ್ಕೆ ಬರುವಾಗ ಬಿಸಿಲು ಏರ್ತದೆ, ಹಾಲು ನಿಲ್ತದೆ. ಹಾಲು ಕಡಿಮೆ ಆದ್ರೆ ಹಳೆಯವರನ್ನು ಕರೀತಾರೆ. ಆಮೇಲೆ ನಾವು ಎಂತ ಮಾಡುದು?"

"ಕ್ಲಾಸು?"

"ಒಂದು ವರ್ಷ ಬಿಟ್ಟು ಪರೀಕ್ಷೆ ಕಟ್ತೇನೆ."

ಬೈಯುತ್ತಾರೆ ಎಂದುಕೊಂಡೆ. ಟೀಚರಕ್ಕ ಅವಳ ಕೈಯಿಂದ ಕತ್ತಿ ತೆಗೆದುಕೊಂಡು ಅಲಗನ್ನು ನೋಡಿದರು. ಮರದ ಹತ್ತಿರ ಹೋಗಿ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಲ್ಲಿ ಸವರಿದರು. ಪಕ್ಕದ ಮರ, ಅದರ ಪಕ್ಕದ ಮರ. ಒಂದು ಗಾಯವೂ ಇರಲಿಲ್ಲ.

"ಚಂದ ಉಂಟು" ಎಂದರು. "ಅದೇ ಕಷ್ಟ. ಕೈ ಚಂದ ಇದ್ದವರನ್ನು ಮರ ಬಿಡುದಿಲ್ಲ ಮಗಾ. ನನ್ನದೂ ಚಂದ ಇತ್ತು" ಎಂದರು. ಆಮೇಲೆ ಶೆಡ್ಡಿನ ಕಡೆ ಕೈ ತೋರಿಸಿ, "ಹೋಗು. ಮೇಡಂ ಕರೀತಿದ್ದಾರೆ."

ಹುಡುಗಿ ಹೋದಳು. ಕತ್ತಿ ಅವರ ಕೈಯಲ್ಲೇ ಉಳಿಯಿತು.

ನಾನು ಹೇಳಿದೆ, "ಟೀಚರಕ್ಕ, ನಾಳೆ ತಿದ್ದುಪಡಿ ಹಾಕ್ತೇನೆ. ತಪ್ಪು ನನ್ನದು."

"ಎಂತ ಅಂತ ಹಾಕ್ತೀರಿ?"

"ಗೆರೆ ತಾಯಿಯದ್ದಲ್ಲ ಅಂತ."

"ಮತ್ತೆ ಯಾರದ್ದು ಅಂತ ಕೇಳುದಿಲ್ವಾ ಜನ? ಹದಿನೈದು ವರ್ಷದ ಹುಡುಗಿ ಕತ್ತಿ ಹಿಡಿದಳು ಅಂತ ಬರೀರಿ. ನಾಡಿದ್ದು ಲೇಬರ್ ಆಫೀಸಿನ ಜೀಪು ಬರ್ತದೆ. ತಾಯಿಯ ಕೆಲಸ ಹೋಗ್ತದೆ, ಉಳಿದ ಆರು ಜನರದ್ದೂ ಹೋಗ್ತದೆ. ಹೆಂಗಸರನ್ನು ಇಟ್ಟುಕೊಂಡ್ರೆ ಇದೇ ಪಂಚಾತಿಕೆ ಅಂತ ಯಜಮಾನ್ರು ಹೇಳ್ತಾರೆ."

"ಆದ್ರೆ ಅಚ್ಚಾದದ್ದು ಸುಳ್ಳಲ್ಲವಾ?"

"ಸುಳ್ಳೇ. ಅದು ನಿಮ್ಮ ಹತ್ರ ಇರ್ಲಿ. ಹುಡುಗಿಯನ್ನು ನಾನು ನೋಡಿಕೊಳ್ತೇನೆ."

ನಾನು ಬೈಕ್ ಹತ್ತಿದೆ. ಡೆಸ್ಕಿಗೆ ಫೋನ್ ಮಾಡಲಿಲ್ಲ.

ಅವರು ಹುಡುಗಿಗೆ ಬುದ್ಧಿ ಹೇಳಿ ಸರಿಮಾಡಿದರು ಎಂದೇ ನಾನು ತಿಳಿದಿದ್ದೆ. ಮುಂದೆ ಕಂಡದ್ದೆಲ್ಲವೂ ಅದಕ್ಕೆ ಹೊಂದುತ್ತಿತ್ತು. ಹೋದಾಗಲೆಲ್ಲ ಶೆಡ್ಡಿನಲ್ಲಿ ಐದೂ ಹುಡುಗಿಯರು ಇರುತ್ತಿದ್ದರು. ಯಜಮಾನರು ಒಮ್ಮೆ ರಸ್ತೆಯಲ್ಲಿ ಸಿಕ್ಕಿ, "ಮೇಲಿನ ಸಾಲಿನಲ್ಲಿ ಹಾಲು ಜಾಸ್ತಿ ಆಗಿದೆ ಮಾರಾಯ್ರೆ, ನಿಮ್ಮ ಪೇಪರಿನ ಮಹಿಮೆಯಾ ಎಂತ" ಎಂದು ನಗಾಡಿದರು. ಹಳೆಯ ಟ್ಯಾಪರುಗಳ ಮಾತು ಅಲ್ಲಿಗೆ ನಿಂತಿತು. ಟೀಚರಕ್ಕ ಬಾಗಿಲಿನ ಬಕೆಟ್ಟಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದರು. ವಯಸ್ಸು ಎಂದುಕೊಂಡೆ. ಅಂಗಿಯ ತೋಳಿನಲ್ಲಿ ಒಣಗಿದ ಹಾಲಿನ ಬಿಳಿ ಕಲೆಗಳಿದ್ದವು. ಕಾಲಿನಲ್ಲಿ ಜಿಗಣೆ ಕಚ್ಚಿದ ಗುರುತುಗಳಿದ್ದವು. ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಇವೆಲ್ಲವನ್ನೂ ನಾನು ಕಂಡಿದ್ದೇನೆ. ನೋಡುವುದೇ ನನ್ನ ಕೆಲಸ. ಒಂದನ್ನೊಂದು ಸೇರಿಸಿ ನೋಡಲಿಲ್ಲ.

ಹೊಸ ವರ್ಷಕ್ಕೆ ಶಾಲೆ ತೆರೆಯಿತು, ಮತ್ತೆ ಎರಡನೆಯ ಅಲೆಗೆ ಮುಚ್ಚಿತು, ಕೊನೆಗೆ ಮಳೆಗಾಲದಲ್ಲಿ ಪರೀಕ್ಷೆ ನಡೆಯಿತು. ಹುಡುಗಿ ಪಾಸಾದಳು ಎಂದು ಟೀಚರಕ್ಕನೇ ಫೋನ್ ಮಾಡಿ ಹೇಳಿದರು. ಅಂಕ ಎಷ್ಟು ಎಂದು ಕೇಳಿದೆ. "ಅದು ನನಗೆ ಗೊತ್ತಾಗ್ಲಿಲ್ಲ. ಹುಡುಗಿ ಕುಣಿದಳು. ಕುಣಿಯುವಷ್ಟು ಉಂಟು" ಎಂದರು.

ಅಲ್ಲಿಂದ ಮುಂದೆ ನಾನು ವರ್ಷಕ್ಕೆ ಒಂದೆರಡು ಸಲ ಅವರ ಮನೆಗೆ ಹೋಗುತ್ತಿದ್ದೆ, ಸುದ್ದಿಗಲ್ಲ. ಹಾಲಿಲ್ಲದ ಚಹಾ, ಒಂದು ಗೋಣಿ ಮರಗೆಣಸಿನಲ್ಲಿ ನನಗೊಂದು ಪಾಲು. ಚಿತ್ರದ ವಿಷಯ ನಾವಿಬ್ಬರೂ ಎತ್ತಲಿಲ್ಲ. ಕಡಬದಲ್ಲಿ ಕಲಿಸಿದವರಲ್ಲಿ ಮೂವರು ಈಗ ತಾವೇ ಬೇರೆಯವರಿಗೆ ಕಲಿಸುತ್ತಾರೆಂದು ಒಮ್ಮೆ ಹೇಳಿದರು. ಹೆಮ್ಮೆಯಿಂದ ಎಂದು ಬರೆಯಲಾರೆ. ಹೆಮ್ಮೆಯಾದಾಗ ಅವರು ಹೆಬ್ಬೆರಳನ್ನು ಸವರಿಕೊಳ್ಳುತ್ತಿದ್ದರು, ಅಂದು ಸವರಿಕೊಂಡರು.

ಕಳೆದ ತಿಂಗಳು ಅವರು ಹೋದ ಮೂರನೆಯ ದಿನ ಆ ಮನೆಗೆ ಹೋದೆ. ಜವಳಿ ಅಂಗಡಿಯ ಹೆಂಗಸು ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದರು. ಆಕೆ ಮತ್ತೆ ಅಂಗಡಿಗೆ ಹೋಗಲಿಲ್ಲ, ಈಗಲೂ ಟ್ಯಾಪಿಂಗ್ ಮಾಡುತ್ತಾರೆ. ಮಗಳು ಪುತ್ತೂರಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ, ಸಸ್ಯಶಾಸ್ತ್ರ. ಟೀಚರಕ್ಕನ ತಂಗಿಯ ಮಗಳು ಕೇಳಿಕೊಂಡದ್ದಕ್ಕೆ ಅವಳು ಒಳಗೆ ಟೀಚರಕ್ಕನ ಪೆಟ್ಟಿಗೆಯನ್ನು ಖಾಲಿ ಮಾಡುತ್ತಿದ್ದಳು. ನಾನು ಕುಳಿತೆ. ಕೇಳಬೇಕೆಂದಿದ್ದುದನ್ನು ಕೇಳಿದೆ.

"ಆ ದಿನ ನಾನು ಹೋದ ಮೇಲೆ ಅವರು ನಿನಗೆ ಎಂತ ಹೇಳಿದ್ರು?"

"ಎಂತದ್ದೂ ಹೇಳ್ಲಿಲ್ಲ ಸಾರ್."

"ಹಾಗಾದ್ರೆ ನೀನು ಬಿಟ್ಟದ್ದು ಹೇಗೆ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಇಟ್ಟಳು. "ಬಿಡ್ಲಿಲ್ಲ. ಅಮ್ಮನ ಹತ್ರ ಇನ್ನೊಂದು ಹಳೇ ಕತ್ತಿ ಇತ್ತು. ಒಂದು ದಿನ ಬಿಟ್ಟು ಅದನ್ನು ಹಿಡಿದುಕೊಂಡು ಮೇಲಿನ ಸಾಲಿಗೆ ಹೋದೆ. ನೂರು ಮರವೂ ಟ್ಯಾಪ್ ಆಗಿತ್ತು. ಹಾಲು ಬೀಳ್ತಾ ಉಂಟು. ನಾನು ಸುಮ್ಮನೆ ಶೆಡ್ಡಿಗೆ ಹೋಗಿ ಕೂತೆ. ಮತ್ತೆ ನಾಡಿದ್ದೂ ಹಾಗೇ. ಅದರ ನಾಡಿದ್ದೂ ಹಾಗೇ. ಶಾಲೆ ಮುಚ್ಚಿದ್ದಾಗಲೂ, ತೆರೆದಿದ್ದಾಗಲೂ, ಪರೀಕ್ಷೆ ಮುಗಿಯುವವರೆಗೆ."

"ಅಮ್ಮನಿಗೆ ಗೊತ್ತಿತ್ತಾ?"

"ಅಮ್ಮ ನಾನೇ ಮಾಡುದು ಅಂತ ತಿಳ್ಕೊಂಡಿದ್ರು. ಕ್ಲಾಸಿಗೂ ಕೂತು ನೂರು ಮರವನ್ನೂ ಮುಗಿಸ್ತಾಳೆ, ನನ್ನ ಮಗಳು ಭಾರೀ ಚುರುಕು ಅಂತ ಮನೆಯಲ್ಲಿ ಹೇಳಿಕೊಳ್ತಿದ್ರು. ರಿಸಲ್ಟ್ ಬಂದ ದಿನ ನಾನು ಹೇಳಿದೆ. ಓಡಿ ಬಂದು ಟೀಚರಕ್ಕನ ಕಾಲು ಹಿಡಿದ್ರು. ಅದಕ್ಕೆ ಇವರು, ಮೊಣಕಾಲು ನೋವುಂಟು ಮಾರಾಯ್ತಿ, ಬಿಡು ಅಂದ್ರು."

"ಟೀಚರಕ್ಕನೇ ಅಂತ ನಿನಗೆ ಹೇಗೆ ಗೊತ್ತಾಯ್ತು? ನೋಡಿದ್ದಿಯಾ?"

"ನೋಡ್ಲಿಕ್ಕೆ ಎಂತ ಉಂಟು ಸಾರ್? ಗೆರೆ ಇತ್ತಲ್ಲ" ಎಂದಳು ಹುಡುಗಿ. "ನನ್ನ ಕೈಗಿಂತ ಚಂದದ ಕೈ ಇಲ್ಲಿ ಒಬ್ಬರದ್ದೇ ಇದ್ದದ್ದು."

ಪೆಟ್ಟಿಗೆಯ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕತ್ತಿ ಇತ್ತು. ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ನಮ್ಮ ಪತ್ರಿಕೆಯ ಆ ಚಿತ್ರ. ತಾಯಿ, ಮರ, ಬಿಸಿಲು, ಗೆರೆ, ಎಲ್ಲ ಇತ್ತು. ಕೆಳಗಿನ ಸಾಲು ಇರಲಿಲ್ಲ.

"ಓದಿ ಹೇಳು ಅಂತ ನನ್ನ ಹತ್ರ ಕೊಟ್ಟಿದ್ರು" ಎಂದಳು ಹುಡುಗಿ. "ಓದಿದೆ. ಎರಡು ಸಲ ಓದಿಸಿದ್ರು. ಆಮೇಲೆ ಕತ್ತಿ ತಂದು, ಕಾಗದ ಮಡಚಿ, ಅಷ್ಟನ್ನು ಮಾತ್ರ ಕೊಯ್ದು ಒಲೆಗೆ ಹಾಕಿದ್ರು."

ಕಾಗದದ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ಎಡದಿಂದ ಬಲಕ್ಕೆ ತುಸು ಓರೆಯಾಗಿ ಇಳಿದಿತ್ತು. ಎಲ್ಲೂ ನಿಂತ ಗುರುತಿರಲಿಲ್ಲ.

ಹುಡುಗಿ, ತಾಯಿ, ಯಜಮಾನರು ಯಾರಿಗೂ ಈಗ ಇದರಿಂದ ತೊಂದರೆ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ತಾಯಿ ಮತ್ತು ಮಗಳು ಇದನ್ನು ಓದಿ ಒಪ್ಪಿದ್ದಾರೆ. ಆದ್ದರಿಂದ, ತಡವಾಗಿ:

ತಿದ್ದುಪಡಿ. ಐವರ್ನಾಡಿನ ರಬ್ಬರ್ ತೋಟದ ಚಿತ್ರದಲ್ಲಿ ಮರದ ಮೇಲಿರುವ ಗೆರೆ ಪಕ್ಕದಲ್ಲಿ ನಿಂತಿರುವ ತಾಯಿಯದ್ದಲ್ಲ, ಹತ್ತನೆಯ ತರಗತಿಯಲ್ಲಿದ್ದ ಮಗಳದ್ದು. ಅದು ಆಕೆ ಆ ಮರಗಳ ಮೇಲೆ ಎಳೆದ ಕೊನೆಯ ಗೆರೆಗಳಲ್ಲೊಂದು. ಅದರ ಕೆಳಗೆ, ಅದೇ ನೂರು ಮರಗಳಲ್ಲಿ, ಪರೀಕ್ಷೆಯವರೆಗೆ ಬಿದ್ದ ಗೆರೆಗಳು ಚಿತ್ರದಲ್ಲಿ ಇಲ್ಲದವರದ್ದು.